ಪುದುಪೇಟೆ ಎಂದರೆ ಹೊಸಪೇಟೆ

ತಮಿಳಿನ 'ಪ' ಕನ್ನಡಕ್ಕೆ ಬಂದರೆ 'ಹ' ಆಗುತ್ತದೆ ಎಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಹೇಳಿಕೊಟ್ಟಿದ್ದರು. ಪಾಲ್ ಹಾಲಾಯಿತು, ಪಲ್ ಹಲ್ಲಾಯಿತು, ಪುಲಿ ಹುಲಿಯಾಯಿತು. ಇದೇ ಲೆಕ್ಕ ಹಿಡಿದು ಹೋದರೆ ಚೆನ್ನೈನ ಪುದುಪೇಟೆ ನಮ್ಮ ಹೊಸಪೇಟೆ. ಹೊಸಪೇಟೆಯಲ್ಲೇ ಹುಟ್ಟಿ ಬೆಳೆದು, ಹದಿನೆಂಟು ವರ್ಷದಿಂದ ಚೆನ್ನೈನಲ್ಲಿರುವ ನನಗೆ ಈ ಇನ್ನೊಂದು ಹೊಸಪೇಟೆಯ ಪರಿಚಯವಾದದ್ದು ಮಾತ್ರ ಕಳೆದ ಅಕ್ಟೋಬರಿನಲ್ಲಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಹೊಸಪೇಟೆಯಲ್ಲಿ ಹೊಸದು ಎನ್ನುವುದು ಒಂದೂ ಇಲ್ಲ.

ಎಗ್ಮೋರ್ ಸ್ಟೇಷನ್ನಿನಿಂದ ಇಳಿದು ಕೂವಂ ನದಿಯ ಕಡೆ ನಡೆದರೆ ಮೊದಲು ವಾಸನೆ ಸಿಗುತ್ತದೆ. ಅರ್ಧ ನದಿಯದು, ಅರ್ಧ ಸುಟ್ಟ ಎಂಜಿನ್ ಆಯಿಲ್‌ನದು. ಆಮೇಲೆ ಸುತ್ತಿಗೆಯ ಸದ್ದು. ಬೀದಿಯ ಎರಡೂ ಬದಿ ಹತ್ತಡಿ ಅಗಲದ ಅಂಗಡಿಗಳು. ಒಂದರಲ್ಲಿ ಬರೀ ಬಾಗಿಲುಗಳು, ಪುಸ್ತಕದಂತೆ ಸಾಲಾಗಿ ನಿಲ್ಲಿಸಿದ್ದು. ಪಕ್ಕದ್ದರಲ್ಲಿ ಬರೀ ಸ್ಟೇರಿಂಗು. ಮುಂದಿನದರಲ್ಲಿ ಹೆಡ್‌ಲೈಟು, ಅದೂ ಎಡಗಡೆಯವು ಮಾತ್ರ. ಬಲಗಡೆಯವು ಬೇಕಾದರೆ ಅವನ ತಮ್ಮನ ಅಂಗಡಿಗೆ ಹೋಗಬೇಕು. ಫುಟ್‌ಪಾತಿನ ಮೇಲೆ ಕುಳಿತ ಹುಡುಗರು ಗೇರ್‌ಬಾಕ್ಸ್ ಒಡೆದು ಅಲ್ಯೂಮಿನಿಯಂ ಬೇರೆ, ಕಬ್ಬಿಣ ಬೇರೆ, ಹಿತ್ತಾಳೆ ಬೇರೆ ಮಾಡುತ್ತಿರುತ್ತಾರೆ. ಮುಂಬೈನವರಿಗೆ ಕುರ್ಲಾ ಇದ್ದ ಹಾಗೆ, ದೆಹಲಿಯವರಿಗೆ ಮಾಯಾಪುರಿ ಇದ್ದ ಹಾಗೆ, ಬೆಂಗಳೂರಿನವರಿಗೆ ಶಿವಾಜಿನಗರದ ಗುಜರಿ ಇದ್ದ ಹಾಗೆ ಚೆನ್ನೈನವರಿಗೆ ಇದು. ಬೈಕು ಇಲ್ಲಿ ನಿಲ್ಲಿಸಿ ಟೀ ಕುಡಿದು ಬಂದರೆ ನಿಮ್ಮ ಚಕ್ರವನ್ನೇ ನಿಮಗೆ ಮಾರುತ್ತಾರೆ ಎಂಬ ಜೋಕು ಎಲ್ಲ ಊರಿನ ಗುಜರಿಗೂ ಇರುವಂತೆ ಇಲ್ಲಿಗೂ ಇದೆ. ನಾನು ಆರು ತಿಂಗಳು ಓಡಾಡಿದೆ, ನನ್ನ ಬೈಕಿನ ಒಂದು ನಟ್ಟೂ ಕಳೆಯಲಿಲ್ಲ.

ಅಲ್ಲಿಗೆ ನನ್ನನ್ನು ಅಟ್ಟಿದ್ದು ನಮ್ಮ ಮನೆ ಓನರ್‌ರ ಕಾರು. ಬೆಸೆಂಟ್ ನಗರದಲ್ಲಿ, ಸಮುದ್ರದಿಂದ ಎರಡು ಬೀದಿ ಈಚೆಗೆ, ಅವರ ಹಳೆಯ ಎರಡಂತಸ್ತಿನ ಮನೆ. ಕೆಳಗೆ ಸಾರ್ ಮತ್ತು ಮಾಮಿ, ಮೇಲೆ ಹನ್ನೊಂದು ವರ್ಷದಿಂದ ನಾವು. ಸಾರ್‌ಗೆ ಈಗ 81. ಮೆಟ್ಟಿಲ ಪಕ್ಕದ ಶೆಡ್ಡಿನಲ್ಲಿ ಬೆಡ್‌ಶೀಟು, ಅದರ ಮೇಲೆ ಟಾರ್ಪಾಲು ಹೊದ್ದುಕೊಂಡು ಒಂದು ವಾಹನ ಮಲಗಿತ್ತು. ನಮ್ಮ ಮಗಳು ಚಿಕ್ಕವಳಿದ್ದಾಗ ಅದನ್ನು ಆಮೆ ಎನ್ನುತ್ತಿದ್ದಳು. ಅಷ್ಟು ತಗ್ಗು.

ಅದು ಟ್ರಯಂಫ್ ಸ್ಪಿಟ್‌ಫೈರ್, ಮಾರ್ಕ್ 2, 1966ರದು. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದದ್ದು. ಎರಡೇ ಸೀಟು, ಬಿಚ್ಚಿ ತೆಗೆಯುವ ಬಟ್ಟೆಯ ಹುಡ್ಡು, 1147 ಸಿಸಿ ಎಂಜಿನ್ನು, ಎರಡು ಎಸ್.ಯು. ಕಾರ್ಬ್ಯುರೇಟರು. 67 ಹಾರ್ಸ್‌ಪವರ್ ಎಂದರೆ ಈಗಿನ ಸಣ್ಣ ಫ್ಯಾಮಿಲಿ ಕಾರಿನಷ್ಟೇ. ಆದರೆ ಕುಳಿತರೆ ಕೈ ಚಾಚಿ ರಸ್ತೆ ಮುಟ್ಟಬಹುದು, ಹಾಗಾಗಿ ನಲವತ್ತರಲ್ಲಿ ಹೋದರೂ ಎಂಬತ್ತರಲ್ಲಿ ಹೋದ ಹಾಗೆ ಎದೆ ಹೊಡೆದುಕೊಳ್ಳುತ್ತದೆ. ಎಪ್ಪತ್ತರ ದಶಕದಲ್ಲಿ ಮದ್ರಾಸು ಬಿಟ್ಟು ಹೊರಟ ಯಾರೋ ವಿದೇಶಿಯರಿಂದ ಸಾರ್ ಇದನ್ನು ಕೊಂಡರಂತೆ. ಮಾಮಿಯನ್ನು ಮದುವೆಯಾದ ಹೊಸದರಲ್ಲಿ ಇದರಲ್ಲೇ ಮಹಾಬಲಿಪುರಕ್ಕೆ ಕರೆದೊಯ್ದಿದ್ದರಂತೆ. "ಸೀರೆ ಪೂರ್ತಿ ಹೊಗೆ ವಾಸನೆ" ಎಂಬುದು ಆ ಪ್ರವಾಸದ ಬಗ್ಗೆ ಮಾಮಿಯ ಏಕೈಕ ವರದಿ.

ಬ್ರಿಟಿಷ್ ಸ್ಪೋರ್ಟ್ಸ್ ಕಾರು ಮದ್ರಾಸಿನಲ್ಲಿ ಇಷ್ಟು ವರ್ಷ ಬದುಕಿದ್ದಕ್ಕೆ ಒಂದು ಕಾರಣವಿದೆ. ಸ್ಟ್ಯಾಂಡರ್ಡ್ ಹೆರಾಲ್ಡ್ ನಮ್ಮ ಹಿರಿಯರಿಗೆ ನೆನಪಿರಬೇಕು. ಅಂಬಾಸಿಡರ್ ಮತ್ತು ಫಿಯಟ್ ಬಿಟ್ಟರೆ ಆ ಕಾಲದಲ್ಲಿ ನಮ್ಮ ದೇಶದಲ್ಲಿ ತಯಾರಾಗುತ್ತಿದ್ದ ಮೂರನೆಯ ಕಾರು. 1961ರಿಂದ ಸುಮಾರು ಹತ್ತು ವರ್ಷ ಇಲ್ಲೇ, ವಂಡಲೂರಿನ ಬಳಿಯ ಕಾರ್ಖಾನೆಯಲ್ಲಿ ಅದನ್ನು ತಯಾರಿಸುತ್ತಿದ್ದರು. ಅದರ ಮೂಲ ಟ್ರಯಂಫ್ ಹೆರಾಲ್ಡ್. ಅದರ ಚಾಸಿಯನ್ನೇ ಗಿಡ್ಡ ಮಾಡಿ, ಅದೇ ಇಟಲಿಯ ಮಿಕೆಲೋಟಿ ಕೈಯಲ್ಲಿ ಬೇರೆ ಮೈ ಬರೆಸಿ, ಟ್ರಯಂಫ್‌ನವರು ಸ್ಪಿಟ್‌ಫೈರ್ ಮಾಡಿದರು. ಅಂದರೆ ಹೆರಾಲ್ಡ್ ಅಕ್ಕ, ಇದು ತಂಗಿ. ಅಕ್ಕ ಶಾಲಾ ಮಾಸ್ತರರ ಮನೆ ಸೇರಿದಳು, ತಂಗಿ ಮೈಮೇಲೆ ಗಾಳಿ ಹೊಡೆಸಿಕೊಂಡು ತಿರುಗಿದಳು. ಮುಂದಿನ ಚಕ್ರದ ಜೋಡಣೆ, ಸ್ಟೇರಿಂಗಿನ ರ‍್ಯಾಕು, ಹಿಂದಿನ ಡಿಫರೆನ್ಶಿಯಲ್ಲು, ಎಂಜಿನ್ನಿನ ಹಲವು ಭಾಗಗಳು ಒಂದೇ ಬಳಗದವು. ಹಾಗಾಗಿ ಅಕ್ಕನ ಒಡವೆ ತಂಗಿಗೆ ಹೊಂದುತ್ತದೆ. ಅಕ್ಕನ ಒಡವೆ ಇನ್ನೂ ಸಿಗುವ ಜಾಗ ಪುದುಪೇಟೆ.

ಸಾರ್ ಆರು ವರ್ಷದಿಂದ ಕಾರು ಮುಟ್ಟಿರಲಿಲ್ಲ. ಕೈ ನಡುಕ ಶುರುವಾಗಿತ್ತು. ಅಷ್ಟರಲ್ಲಿ ಮನೆ ಬಿಲ್ಡರ್‌ಗೆ ಹೋಯಿತು. ಬೆಸೆಂಟ್ ನಗರದ ಹಳೇ ಮನೆಗಳೆಲ್ಲ ಹೋಗುತ್ತಿರುವಂತೆಯೇ. ಮಾರ್ಚ್ ಕೊನೆಗೆ ಖಾಲಿ ಮಾಡಬೇಕು. ನಾವು ಪಲ್ಲಿಕರಣೈ ಕಡೆ ಬಾಡಿಗೆ ನೋಡಿಕೊಂಡೆವು. ಸಾರ್, ಮಾಮಿ ತಿರುವಾನ್ಮಿಯೂರಿನ ಒಂದು ಅಪಾರ್ಟ್‌ಮೆಂಟಿಗೆ. ಒಂದು ಪಾರ್ಕಿಂಗ್ ಇದೆ. ಆದರೆ ಅಲ್ಲಿಯ ಅಸೋಸಿಯೇಷನ್ನಿನ ನಿಯಮ ಸ್ಪಷ್ಟ: ಓಡದ ವಾಹನ ನಿಲ್ಲಿಸುವಂತಿಲ್ಲ. ಅಳಿಯ ಅಮೆರಿಕದಿಂದ ಫೋನು ಮಾಡಿ, ಯಾರಾದರೂ ಕೇಳಿದ ಬೆಲೆಗೆ ಕೊಟ್ಟುಬಿಡಿ ಎಂದರು. ಕೇಳಿದವರು ಒಬ್ಬರು ಬಂದೂ ಹೋದರು. ಕಾರನ್ನಲ್ಲ, ಬಿಡಿ ಭಾಗಗಳನ್ನು ನೋಡಿದರು: ಮೀಟರುಗಳು, ಕಾರ್ಬ್ಯುರೇಟರು, ಬಾನೆಟ್ಟು.

ಅವರು ಹೋದ ಸಂಜೆ ಸಾರ್ ಮೇಲೆ ಬಂದು ಬಾಗಿಲಲ್ಲೇ ನಿಂತು ಕೇಳಿದರು. "ತಂಬಿ, ನಿಮ್ಮ ಅಪ್ಪ ಮೆಕ್ಯಾನಿಕ್ ಎಂದಿದ್ದಿರಲ್ಲ?"

ಹೌದು. ಅಪ್ಪ ಹೊಸಪೇಟೆಯಲ್ಲಿ ಗ್ಯಾರೇಜು ಇಟ್ಟವರು. ಮೊದಲು ಅಂಬಾಸಿಡರು, ಆಮೇಲೆ ಅದಿರಿನ ಲಾರಿಗಳು. ನಾನು ರಜೆಯಲ್ಲಿ ಪಾನಾ ಕೊಡುತ್ತಿದ್ದ ಹುಡುಗ. ಈಗ ಕಂಪ್ಯೂಟರಿನ ಮುಂದೆ ಕೂರುತ್ತೇನೆ, ಆದರೆ ಪಾನಾ ಹಿಡಿಯುವ ಕೈ ಮರೆತಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ವಿಷಯ ಹೇಳಿದೆ. ಅಪ್ಪ ಏನೂ ಕೇಳದೆ ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿದರು. ಇಂಚಿನ ಪಾನಾಗಳು. "ಈಗಿನ ಮಿಲಿಮೀಟರ್ ಪಾನಾ ಹಚ್ಚಬ್ಯಾಡ. ಹದಿಮೂರರದು ಅರ್ಧ ಇಂಚಿನ ನಟ್ಟಿಗೆ ಹತ್ತತೈತಿ, ಆದ್ರ ಮೂಲಿ ತಿಂತೈತಿ" ಎಂದರು. ಬ್ರಿಟಿಷ್ ಕಾರಿಗೆ ಕೈ ಹಾಕುವ ಯಾರಿಗೇ ಆದರೂ ಇದು ಮೊದಲ ಪಾಠ. ಏಳು ಬೈ ಹದಿನಾರು, ಅರ್ಧ, ಒಂಬತ್ತು ಬೈ ಹದಿನಾರು, ಈ ಮೂರು ಪಾನಾ ಇದ್ದರೆ ಸ್ಪಿಟ್‌ಫೈರಿನ ಮುಕ್ಕಾಲು ಭಾಗ ಬಿಚ್ಚಬಹುದು.

ಈ ಕಾರಿನ ಬಾನೆಟ್ಟು ತೆಗೆಯುವುದೇ ಒಂದು ಸಂಭ್ರಮ. ಎರಡು ಬದಿಯ ಕೊಂಡಿ ಬಿಡಿಸಿದರೆ ಮಡ್‌ಗಾರ್ಡು, ಹೆಡ್‌ಲೈಟು ಸಮೇತ ಇಡೀ ಮುಖವೇ ಮುಂದಕ್ಕೆ ಬಾಗುತ್ತದೆ. ಎಂಜಿನ್ನು, ಮುಂದಿನ ಚಕ್ರ, ಸ್ಟೇರಿಂಗ್ ಎಲ್ಲ ಬಯಲು. ಟೈರಿನ ಮೇಲೆ ಕುಳಿತು ಕೆಲಸ ಮಾಡಬಹುದು. ಸ್ವಂತ ಕೈಯಿಂದ ರಿಪೇರಿ ಕಲಿಯುವವರಿಗೆ ಇದಕ್ಕಿಂತ ದಯಾಳು ಕಾರು ನಾನು ಕಂಡಿಲ್ಲ. ಈಗಿನ ಕಾರಿನ ಬಾನೆಟ್ಟು ಎತ್ತಿದರೆ ಒಂದು ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ, 'ನಿನಗೇನು ಕೆಲಸ ಇಲ್ಲಿ' ಎಂದು ಕೇಳುತ್ತದೆ.

ಆರು ವರ್ಷ ಮಲಗಿದ ಎಂಜಿನ್ನಿಗೆ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಬಾರದು. ನಾಲ್ಕೂ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೆ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ವಾರ ಸುಮ್ಮನೆ ಬಿಟ್ಟೆವು. ಮುಂದಿನ ಭಾನುವಾರ ಮುಂದಿನ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಮೆಲ್ಲಗೆ ಎಳೆದೆ. ಮೊದಲು ಅಲ್ಲಾಡಲಿಲ್ಲ. ಆಮೇಲೆ ಒಂದು ನಿಟ್ಟುಸಿರು ಬಿಟ್ಟು ತಿರುಗಿತು. ಕುರ್ಚಿ ಹಾಕಿಕೊಂಡು ಕುಳಿತಿದ್ದ ಸಾರ್ ಏನೂ ಹೇಳಲಿಲ್ಲ, ಒಳಗೆ ಹೋಗಿ ಎರಡು ಲೋಟ ಕಾಫಿ ತಂದರು. ನಡುಗುವ ಕೈಯಲ್ಲಿ ಅರ್ಧ ಚೆಲ್ಲಿಹೋಗಿತ್ತು.

ಟ್ಯಾಂಕಿನ ಹಳೇ ಪೆಟ್ರೋಲು ವಾರ್ನಿಷ್ ವಾಸನೆ ಹೊಡೆಯುತ್ತಿತ್ತು. ಅದನ್ನು ಚೆಲ್ಲಿ, ಟ್ಯಾಂಕು ಇಳಿಸಿ ತೊಳೆದೆವು. ಪೆಟ್ರೋಲಿನ ರಬ್ಬರು ಪೈಪುಗಳನ್ನು ಪೂರ್ತಿ ಬದಲಿಸಿದೆವು. ಇದು ಹಳೇ ಸ್ಕೂಟರು ಇಟ್ಟುಕೊಂಡವರೂ ಗಮನಿಸಬೇಕಾದ ಮಾತು. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲು. ಹಳೆ ಕಾಲದ ರಬ್ಬರು ಅದಕ್ಕೆ ತಯಾರಾದದ್ದಲ್ಲ, ಮೆತ್ತಗಾಗಿ ಉದುರುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಎಥನಾಲ್ ತಡೆಯುವ ಪೈಪು ಮೀಟರಿಗೆ ನೂರಿನ್ನೂರು ಹೆಚ್ಚು, ಅಷ್ಟೆ. ಪಂಪಿನೊಳಗಿನ ಡಯಾಫ್ರಾಮನ್ನೂ ಹಾಗೇ ಬದಲಿಸಿದೆವು.

ಬ್ರೇಕು ಇನ್ನೊಂದು ತಿಂಗಳು ತಿಂದಿತು. ಸಮುದ್ರದ ಗಾಳಿ, ಜೊತೆಗೆ ಗಾಳಿಯಲ್ಲಿರುವ ನೀರನ್ನೇ ಹೀರುವ ಬ್ರೇಕ್ ಆಯಿಲ್. ಹಿಂದಿನ ಚಕ್ರದ ಸಿಲಿಂಡರಿನ ಒಳಗೆ ತುಕ್ಕು ಕಟ್ಟಿ ಪಿಸ್ಟನ್ ಅಲ್ಲೇ ಸಮಾಧಿಯಾಗಿತ್ತು. ಈ ಕಾರಿಗೆ ಬ್ರೇಕಿನ ಲೈನು ಒಂದೇ. ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರ ಕೈ ಬಿಡುತ್ತವೆ, ಮತ್ತೆ ಉಳಿಯುವುದು ಹ್ಯಾಂಡ್‌ಬ್ರೇಕು ಮತ್ತು ದೇವರು. ಅದಕ್ಕೇ ಇದರಲ್ಲಿ ಹಳೇ ಸಾಮಾನು ಬೇಡವೆಂದು ಮೌಂಟ್ ರೋಡಿನ ಪಕ್ಕದ ಜನರಲ್ ಪ್ಯಾಟರ್ಸ್ ರೋಡಿಗೆ ಹೋದೆ. ಪುದುಪೇಟೆ ಹಳೆಯ ಸಾಮಾನಿಗೆ, ಜಿ.ಪಿ. ರೋಡು ಹೊಸ ಸಾಮಾನಿಗೆ. ಅಲ್ಲಿ ಕಾರಿನ ಹೆಸರು ಹೇಳಿದರೆ ತಲೆಯಾಡಿಸುತ್ತಾರೆ. ಸಿಲಿಂಡರಿನ ಒಳ ಅಳತೆಯನ್ನು ಇಂಚಿನಲ್ಲಿ ಹೇಳಿದರೆ ಡಬ್ಬಿ ಎಳೆಯುತ್ತಾರೆ. ವಾಷರು, ಸೀಲುಗಳಿಗೆ ಜಾತಿಯಿಲ್ಲ, ಅಳತೆ ಮಾತ್ರ ಇದೆ.

ಆದರೆ ನಿಜವಾದ ಭಯ ಇದ್ದದ್ದು ಮುಂದಿನ ಚಕ್ರದಲ್ಲಿ. ಹೆರಾಲ್ಡ್, ಸ್ಪಿಟ್‌ಫೈರ್ ಎರಡಕ್ಕೂ ಮುಂದಿನ ಚಕ್ರವನ್ನು ಹಿಡಿದಿರುವ ಉಕ್ಕಿನ ಕಂಬದ ತುದಿಗೆ ಮರೆ ಇರುತ್ತದೆ. ಅದು ಕೆಳಗಿನ ಒಂದು ಕಂಚಿನ ಗಟ್ಟಿಯೊಳಗೆ, ಬೋಲ್ಟು ನಟ್ಟಿನೊಳಗೆ ಕೂರುವ ಹಾಗೆ ಕೂತಿರುತ್ತದೆ. ನೀವು ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಆ ಮರೆಯೇ ತಿರುಗುವುದು. ಈ ಕಂಚಿನ ಗಟ್ಟಿಗೆ ಟ್ರನಿಯನ್ ಎನ್ನುತ್ತಾರೆ. ಅದಕ್ಕೆ ಗ್ರೀಸ್ ಅಲ್ಲ, ಗೇರ್ ಆಯಿಲ್ ಕೊಡಬೇಕು, ನಮ್ಮ ಮೆಕ್ಯಾನಿಕರು 90 ನಂಬರ್ ಎನ್ನುತ್ತಾರಲ್ಲ, ಅದು. ಗ್ರೀಸ್ ಗನ್ನಿನಲ್ಲೇ ಆಯಿಲ್ ತುಂಬಿ, ಮೇಲಿನಿಂದ ಹೊರಬರುವವರೆಗೆ ಒತ್ತಬೇಕು. ಗ್ರೀಸು ಮೇಲಿನ ಮರೆಯವರೆಗೆ ಹತ್ತದೆ, ಹಳತಾಗಿ ಗಟ್ಟಿಯಾಗಿ ದಾರಿ ಮುಚ್ಚುತ್ತದೆ. ಅಲ್ಲಿ ನೀರು ಕೂರುತ್ತದೆ, ಉಕ್ಕು ತುಕ್ಕು ಹಿಡಿದು ಕಚ್ಚು ಬೀಳುತ್ತದೆ. ಒಂದು ದಿನ ತಿರುವಿನಲ್ಲಿ ಕಂಬ ಮುರಿದು ಚಕ್ರ ಮಡಚಿಕೊಳ್ಳುತ್ತದೆ.

ಎಡಗಡೆಯದನ್ನು ಬಿಚ್ಚಿದಾಗ ಒಳಗೆ ಕಂಡದ್ದು ಕಪ್ಪು ಮೇಣದಂತಾಗಿದ್ದ ಗ್ರೀಸು. ಯಾವ ಪುಣ್ಯಾತ್ಮ ಯಾವ ಕಾಲದಲ್ಲಿ ತುಂಬಿದ್ದನೋ. ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಬೆಳಕಿಗೆ ಹಿಡಿದೆ. ಮರೆ ಮುಗಿಯುವ ಜಾಗದಲ್ಲಿ ಉಗುರಿಗೆ ಹತ್ತುವಷ್ಟು ಒಂದು ಗೆರೆ. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಒಂದೇ ನಿಮಿಷದಲ್ಲಿ ಫೋನು ಬಂತು. "ಅದನ್ನ ಹಾಕಿದ್ಯೋ, ನಾನ ಬಂದು ಕಾರಿಗೆ ಬೆಂಕಿ ಹಚ್ತೀನಿ." ವೆಲ್ಡಿಂಗ್ ಮಾಡಿಸಿದರೆ ಎಂದು ಸಾರ್ ಕೇಳಿದರು. ಅದಕ್ಕೆ ಅಪ್ಪನ ಉತ್ತರ ಇಲ್ಲಿ ಬರೆಯುವಂತಿಲ್ಲ.

ಹೀಗೆ ಒಂದು ಉಕ್ಕಿನ ಕಂಬಕ್ಕಾಗಿ ಪುದುಪೇಟೆಯನ್ನು ನಾಲ್ಕು ಶನಿವಾರ ಸೋಸಿದೆ. ನಮ್ಮ ಮುರುಕು ಕಂಬವನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿ ಅಂಗಡಿಗೆ ತೋರಿಸುವುದು. ಹುಡುಗರಿಗೆ ಗೊತ್ತಾಗಲಿಲ್ಲ. ಅವರು ಹುಟ್ಟುವ ಹೊತ್ತಿಗೆ ಹೆರಾಲ್ಡ್‌ಗಳು ಕರಗಿಹೋಗಿದ್ದವು. ಮೂರನೆಯ ವಾರ ಒಂದು ಗಲ್ಲಿಯ ಕೊನೆಯಲ್ಲಿ ವಯಸ್ಸಾದ ಒಬ್ಬ ಬಾಯ್ ಸಿಕ್ಕರು. ಚೆನ್ನೈನಲ್ಲಿ ಮುಸ್ಲಿಂ ಹಿರಿಯರನ್ನು ಕರೆಯುವುದು ಹಾಗೆ. ಕನ್ನಡಕ ಹಾಕಿಕೊಳ್ಳದೆ, ಬರೀ ಬೆರಳಾಡಿಸಿ "ಹೆರಾಲ್ಡು. ಎಡಗಡೆ" ಎಂದರು. ಎಡಗಡೆ ಎಂದು ಹೇಗೆ ಗೊತ್ತಾಯಿತು? ಎರಡು ಬದಿಯ ಮರೆಗಳು ಒಂದಕ್ಕೊಂದು ಉಲ್ಟಾ ತಿರುಗುತ್ತವೆ. ಬೆರಳಿಗೆ ಅದು ಗೊತ್ತು. ಮುಂದಿನ ವಾರ ಬರಹೇಳಿದರು. ಹೋದೆ. ಗೋಣಿಯಲ್ಲಿ ಸುತ್ತಿ, ಗಟ್ಟಿ ಎಣ್ಣೆ ಬಳಿದಿಟ್ಟಿದ್ದ ಜೊತೆ, ಎಡ ಬಲ ಎರಡೂ, ಟ್ರನಿಯನ್ ಸಮೇತ. ಎಲ್ಲಿಂದ ಬಂತೆಂದು ಕೇಳಿದೆ. "ಇದ್ದದ್ದೇ. ಕೇಳುವವರು ಬರಲಿಲ್ಲ."

ಬೆಲೆ ಆರು ಸಾವಿರ ಎಂದರು. ಚೌಕಾಸಿ ಮಾಡಲು ಬಾಯಿ ತೆರೆದವನು ಮುಚ್ಚಿಕೊಂಡೆ. ಕೆಲವು ಸಾಮಾನಿಗೆ ಚೌಕಾಸಿ ಮಾಡಬಾರದು. ಮರೆಯನ್ನು ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿದೆ, ಅಂಬತ್ತೂರಿನ ಒಂದು ವರ್ಕ್‌ಶಾಪಿನಲ್ಲಿ ಬಣ್ಣ ಬಿಟ್ಟು ಬಿರುಕು ಪರೀಕ್ಷೆ ಮಾಡಿಸಿದೆ. ಒಂದು ಗೆರೆಯೂ ಇರಲಿಲ್ಲ.

ತಗಡಿನ ಕೆಲಸ ನಾವು ಮಾಡಲಿಲ್ಲ, ಮಾಡಿಸಿದೆವು. ಇದರಲ್ಲಿ ಅಕ್ಕ ತಂಗಿಯರಿಗೆ ವ್ಯತ್ಯಾಸವಿದೆ. ಹೆರಾಲ್ಡಿನ ಚಾಸಿಗೆ ಪಕ್ಕದಲ್ಲೂ ಕಬ್ಬಿಣದ ಆಸರೆ ಇದೆ. ಸ್ಪಿಟ್‌ಫೈರಿಗೆ ಬಾಗಿಲ ಕೆಳಗಿನ ತಗಡಿನ ಪೆಟ್ಟಿಗೆಯೇ ಆಸರೆ. ಅದನ್ನು ಸುಮ್ಮನೆ ಕತ್ತರಿಸಿದರೆ ಕಾರು ನಡುವೆ ಜೋತು ಬಾಗಿಲು ಮುಚ್ಚದಂತಾಗುತ್ತದೆ. ವೆಲ್ಡರ್‌ಗೆ ಮೊದಲು ಬಾಗಿಲ ಸಂದಿಗೆ ಪೈಪಿನ ಊರುಗೋಲು ಕೊಟ್ಟು ಆಮೇಲೆ ಕತ್ತರಿಸು ಎಂದು ಒಪ್ಪಿಸಲು ಅರ್ಧ ದಿನ ಬೇಕಾಯಿತು.

ಮಾರ್ಗಳಿ ಬಂತು. ಚೆನ್ನೈನಲ್ಲಿ ಡಿಸೆಂಬರ್ ಎಂದರೆ ಸಭಾಗಳು, ಕಚೇರಿಗಳು, ಕ್ಯಾಂಟೀನಿನ ತಿಂಡಿ. ಸಾರ್ ಯಾವ ವರ್ಷವೂ ತಪ್ಪಿಸಿದವರಲ್ಲ. ಕಣ್ಣು ಮಂಜು, ಕೈ ನಡುಕ, ಆದರೆ ಕಿವಿ ಮಾತ್ರ ಹಾಗೇ ಇದೆ. ಅದು ಉಪಯೋಗಕ್ಕೆ ಬಂದದ್ದು ಕಾರ್ಬ್ಯುರೇಟರಿಗೆ.

ಟಪೆಟ್ಟು ಹತ್ತು ಸಾವಿರದಂಶ ಇಂಚಿಗೆ ಇಟ್ಟು, ಪಾಯಿಂಟ್ ಉಜ್ಜಿ, ಬ್ಯಾಟರಿ ಕೂರಿಸಿದೆ. ಹಳೇ ಬ್ರಿಟಿಷ್ ಪದ್ಧತಿಯಂತೆ ಇದಕ್ಕೆ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ. ಅಭ್ಯಾಸಬಲದಿಂದ ಮೈನಸ್ಸನ್ನು ಬಾಡಿಗೆ ಕಟ್ಟಲು ಹೊರಟ ಎಲೆಕ್ಟ್ರಿಷಿಯನ್ ಹುಡುಗನನ್ನು ಸಾರ್ ಕೋಲಿನಿಂದಲೇ ತಡೆದರು. ಮೂರನೇ ಸೆಲ್ಫಿಗೆ ಎಂಜಿನ್ನು ಹಿಡಿಯಿತು. ನೀಲಿ ಹೊಗೆ, ಕೆಮ್ಮು, ಪಕ್ಕದ ಮನೆಯ ನಾಯಿ. ಆದರೆ ಕುಂಟುತ್ತಿತ್ತು. ಎರಡು ಕಾರ್ಬ್ಯುರೇಟರು ಸಮನಾಗಿ ಗಾಳಿ ಎಳೆಯದಿದ್ದರೆ ಹಾಗೇ, ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತು ಬೇರೆ ಬೇರೆ ಹೆಜ್ಜೆ ಹಾಕಿದಂತೆ. ಅವನ್ನು ಜೋಡಿಸಲು ಯಂತ್ರವಿದೆ, ನಮ್ಮ ಹತ್ತಿರ ಇರಲಿಲ್ಲ. ಇದ್ದದ್ದು ಒಂದು ಮೊಳ ರಬ್ಬರ್ ಪೈಪು. ಒಂದು ತುದಿ ಕಾರ್ಬ್ಯುರೇಟರಿನ ಬಾಯಿಗೆ, ಇನ್ನೊಂದು ತುದಿ ಸಾರ್ ಕಿವಿಗೆ. ನಾನು ಸ್ಕ್ರೂ ತಿರುಗಿಸುವುದು, ಅವರು ಕೇಳುವುದು.

"ಮುಂದಿನದು ಸ್ವಲ್ಪ ಮೇಲಿದೆ. ಇಳಿಸಿ. ಇನ್ನೂ. ಅಷ್ಟೇ, ಅಷ್ಟೇ... ಹೆಚ್ಚಾಯಿತು."

ತಂಬೂರಿಯ ಎರಡು ತಂತಿ ಕೂಡಿಸುವವರ ಮುಖ ನೋಡಿದ್ದೀರಲ್ಲ, ಹಾಗೆ ಕಣ್ಣು ಮುಚ್ಚಿದ್ದರು. ಆಮೇಲೆ ಅಡಿಯ ಸಣ್ಣ ಪಿನ್ನು ಎತ್ತಿ ಮಿಶ್ರಣ ನೋಡಿದೆವು. ಎತ್ತಿದಾಗ ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲು ಹೆಚ್ಚು, ಎಂಜಿನ್ನು ಸಾಯಲು ಬಂದರೆ ಕಡಿಮೆ, ಒಂದು ಕ್ಷಣ ಏರಿ ಹಳೇ ಜಾಗಕ್ಕೆ ಬಂದರೆ ಸರಿ. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಎಂಜಿನ್ನಿನ ಮೇಲೆ ನೀರು ತುಂಬಿದ ಲೋಟ ಇಟ್ಟರೆ ಅಂಚು ನಡುಗುತ್ತಿತ್ತೇ ಹೊರತು ಚೆಲ್ಲಲಿಲ್ಲ. ಫೋನಿನಲ್ಲಿ ಅಪ್ಪನಿಗೆ ಕೇಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಲಾರಿಗಿಂತ ಚಲೋ ಐತಿ" ಎಂದರು.

ಕಾಗದಪತ್ರದ ಕಥೆ ಬೇಗ ಮುಗಿಸುತ್ತೇನೆ. 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಖಾಸಗಿ ವಾಹನಗಳಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ. ಮೊದಲ ಬಾರಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಆದರೆ ಹಾಗೆ ನೋಂದಾಯಿಸಿದರೆ ದಿನನಿತ್ಯ ಓಡಿಸುವಂತಿಲ್ಲ. ಸಾರ್ ಒಪ್ಪಲಿಲ್ಲ. "ನಾನು ವಿಂಟೇಜು, ಕಾರಲ್ಲ" ಎಂದು ಹಳೇ ನೋಂದಣಿಯನ್ನೇ ನವೀಕರಿಸಿದರು. ಪರೀಕ್ಷೆಗೆ ಬಂದ ಅಧಿಕಾರಿ ಚಾಸಿಯ ಮೇಲೆ ಕೊರೆದ ನಂಬರ್ ಹುಡುಕಿ ಹುಡುಕಿ ಸುಸ್ತಾದರು. ಈ ಕಾರಿನ ನಂಬರ್ ಬಾಡಿಗೆ ರಿವೆಟ್ ಹೊಡೆದ ಸಣ್ಣ ತಗಡಿನ ಮೇಲಿರುತ್ತದೆ. ತಗಡಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿಕೊಂಡು ಹೋದರು. ಹೋಗುವ ಮುಂಚೆ ಒಂದು ಸೆಲ್ಫಿ.

ಮಾರ್ಚ್ ಕೊನೆಯ ಭಾನುವಾರ, ಬೆಳಗಿನ ಐದೂವರೆ. ಸಾಮಾನಿನ ಲಾರಿ ಹಿಂದಿನ ದಿನವೇ ಹೋಗಿತ್ತು. ಖಾಲಿ ಮನೆಗೆ ಬೀಗ ಹಾಕಿ ಮಾಮಿ ನನ್ನ ಹೆಂಡತಿ ಮಗಳ ಜೊತೆ ಆಟೋದಲ್ಲಿ ಮುಂದೆ ಹೋದರು. ಸ್ಟೇರಿಂಗ್ ನನ್ನದು, ಪಕ್ಕದಲ್ಲಿ ಸಾರ್. ಹುಡ್ಡು ಬಿಚ್ಚಿದ್ದೆವು. ತಿರುವಾನ್ಮಿಯೂರು ಅಲ್ಲಿಂದ ಮೂರು ಕಿಲೋಮೀಟರು. ಸಾರ್ ಎಡಕ್ಕೆ ಬೆರಳು ತೋರಿಸಿದರು, ಎಲಿಯಟ್ಸ್ ಬೀಚಿನ ಕಡೆ.

ವಾಕಿಂಗಿಗೆ ಬಂದವರು ನಿಂತು ನೋಡಿದರು. ತುದಿಯಲ್ಲಿ ತಿರುಗಬೇಕಿತ್ತು. ಸ್ಪಿಟ್‌ಫೈರಿಗೆ ತಿರುಗಲು 24 ಅಡಿ ಜಾಗ ಸಾಕು, ಆಟೋದವನಿಗೂ ಹೊಟ್ಟೆಕಿಚ್ಚಾಗಬೇಕು. ಒಂದೇ ಎಳೆತಕ್ಕೆ ಪೂರ್ತಿ ಸ್ಟೇರಿಂಗ್ ತಿರುಗಿಸುವಾಗ ಎಡಗಡೆಯ ಆ ಕಂಬವೇ ನನ್ನ ತಲೆಯಲ್ಲಿತ್ತು. ಅದು ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಸಾರ್ ಕೈ ಹೊರಗೆ ಚಾಚಿ ಬಾಗಿಲ ಹೊರ ತಗಡನ್ನು ಹಿಡಿದುಕೊಂಡಿದ್ದರು. ಕೈ ನಡುಗುತ್ತಿದ್ದದ್ದು ಕಾರಿನಿಂದಲೋ ಅವರಿಂದಲೋ ಹೇಳುವಂತಿರಲಿಲ್ಲ. ಕಲಾಕ್ಷೇತ್ರದ ಗೋಡೆಯ ಪಕ್ಕ ಬರುವಾಗ ಎರಡನೇ ಗೇರಿನಿಂದ ಮೂರಕ್ಕೆ ಹಾಕಿದೆ. "ಇನ್ನೂ ಸ್ವಲ್ಪ ಎಳೆಯಬೇಕಿತ್ತು ತಂಬಿ" ಎಂದರು.

ಅಪಾರ್ಟ್‌ಮೆಂಟಿನ ಸೆಕ್ರೆಟರಿ ಗೇಟಿನ ಬಳಿಯೇ ನಿಂತಿದ್ದರು. ಕಾರು ಓಡಿಕೊಂಡೇ ಬಂತು, ಸ್ಲಾಟಿನಲ್ಲಿ ನಿಂತಿತು, ಅವರು ಏನೂ ಹೇಳುವಂತಿರಲಿಲ್ಲ. ಎರಡು ದಿನ ಬಿಟ್ಟು ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ: ವಾಹನಗಳಿಂದ ನೆಲಕ್ಕೆ ಆಯಿಲ್ ಸೋರದಂತೆ ನೋಡಿಕೊಳ್ಳತಕ್ಕದ್ದು. ಡಿಫರೆನ್ಶಿಯಲ್ಲಿನ ಮುಂದಿನ ಸೀಲು ದಿನಕ್ಕೆ ಐದಾರು ಹನಿ ಬಿಡುತ್ತಿದೆ, ಅದು ನಮಗೂ ಗೊತ್ತು. ಸದ್ಯಕ್ಕೆ ಮಾಮಿ ತಮ್ಮ ಹಳೇ ಕೇಕ್ ತಟ್ಟೆಯೊಂದನ್ನು ಕೊಟ್ಟಿದ್ದಾರೆ, ಕಾರಿನಡಿ ಇಟ್ಟಿದ್ದೇವೆ. ಸಾರ್ ಪ್ರತಿ ಬೆಳಿಗ್ಗೆ ಇಳಿದುಹೋಗಿ ಹನಿ ಎಣಿಸಿ ನನಗೆ ಫೋನು ಮಾಡುತ್ತಾರೆ.